ಪೀಠದ ಮೇಲಿನ ಹುಲಿಚರ್ಮವೂ ಪೇಟೆಗೆ ಹೋಗುವ ಆಮೆಯೂ

2023ನೆಯ ಇಸವಿಯ ಮಳೆಗಾಲದಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಈಗ ಬೆಂಗಳೂರಿನಲ್ಲಿ ದೊಡ್ಡ ಉದ್ಯೋಗದಲ್ಲಿರುವ ಭಕ್ತರೊಬ್ಬರು ಸಕುಟುಂಬರಾಗಿ ಶ್ರೀಮಠಕ್ಕೆ ಬಂದರು. ಪಾದಪೂಜೆ ಮುಗಿದ ಮೇಲೆ ಬಿದಿರಿನ ಬುಟ್ಟಿಯೊಂದನ್ನು ನಮ್ಮ ಮುಂದಿಟ್ಟು, "ಬುದ್ಧಿ, ಇದು ಮಠದಲ್ಲಿದ್ದರೆ ಎಲ್ಲರಿಗೂ ಶ್ರೇಯಸ್ಸು" ಎಂದು ಬಿನ್ನವಿಸಿದರು. ಬುಟ್ಟಿಯೊಳಗೆ ಅಂಗೈಯಗಲದ ಒಂದು ಆಮೆ. ಕಪ್ಪು ಬೆನ್ನಿನ ಮೇಲೆ ಹಳದಿಯ ಗೆರೆಗಳು ನಕ್ಷತ್ರಗಳಂತೆ ಕವಲೊಡೆದಿದ್ದವು. ಆ ನಕ್ಷತ್ರಗಳ ಮೇಲೆ ಯಾರೋ ಭಕ್ತಿಯಿಂದ ಕುಂಕುಮವನ್ನೂ ಹಚ್ಚಿದ್ದರು. ಎಲ್ಲಿಂದ ತಂದಿರೆಂದು ಕೇಳಿದೆವು. ಚಿಂತಾಮಣಿಯ ಕಡೆಯ ಪರಿಚಿತರೊಬ್ಬರು ಕೊಡಿಸಿದರೆಂದೂ, ತಮ್ಮ ಮನೆಯ ಈಶಾನ್ಯ ಮೂಲೆಯಲ್ಲಿ ಇಂಥದೇ ಇನ್ನೊಂದು ಇದೆಯೆಂದೂ, ಅದು ಮನೆಗೆ ಬಂದ ವರ್ಷವೇ ತಮಗೆ ಬಡ್ತಿಯಾಯಿತೆಂದೂ ಅವರು ಯಾವ ಅಳುಕೂ ಇಲ್ಲದೆ ಹೇಳಿದರು. ಅವರು ಕಾಲೇಜಿನಲ್ಲಿ ಓದಿರುವುದು ಪ್ರಾಣಿಶಾಸ್ತ್ರ!

ಅವರನ್ನು ಗದರಿಸಬೇಕೆಂದು ಬಾಯಿ ತೆರೆದೆವು. ಆದರೆ ಮಾತು ಹೊರಡಲಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ನಾವು ಕುಳಿತಿದ್ದುದು ಒಂದು ಹುಲಿಯ ಚರ್ಮದ ಮೇಲೆ.

ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ. ಆದುದರಿಂದ ಇದರಲ್ಲಿ ಕಟುವಾದ ಮಾತುಗಳು ಬಂದರೆ ಸದ್ಭಕ್ತರು ಅದನ್ನು ತಮ್ಮ ಮೇಲಿನ ಆರೋಪವೆಂದು ತಿಳಿಯಬಾರದು. ಮೊದಲ ಆರೋಪಿ ಲೇಖಕರೇ ಆಗಿದ್ದಾರೆ.

ನಮ್ಮ ಸೀಮೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ನಂದಿಬೆಟ್ಟದ ಸಾಲಿನಿಂದ ಚಿಂತಾಮಣಿಯ ಅಂಬಾಜಿದುರ್ಗ, ಕೈವಾರಗಳವರೆಗೆ, ಶಿಡ್ಲಘಟ್ಟದ ತಲಕಾಯಲಬೆಟ್ಟದಿಂದ ಗೌರಿಬಿದನೂರಿನಾಚೆಯ ಆಂಧ್ರದ ಗಡಿಯವರೆಗೆ, ಎಲ್ಲಿಯೂ ಮಲೆನಾಡಿನ ದಟ್ಟಡವಿ ಇಲ್ಲ. ಹೆಬ್ಬಂಡೆಗಳ ಗುಡ್ಡ, ಕುರುಚಲು ಗಿಡ, ಗೋಮಾಳ, ಕೆರೆಯಂಗಳ, ಹೊಲದ ಬದು, ಇಷ್ಟೇ. ಕಂದಾಯದ ಕಡತದಲ್ಲಿ ಇದರ ಬಹುಭಾಗಕ್ಕೆ 'ಖರಾಬು' ಎಂದು ಹೆಸರು. ಖರಾಬು ಎಂದು ಬರೆದ ಮೇಲೆ ಕಾಯುವವರು ಯಾರು? ಒಂದು ಕಡೆ ಕಲ್ಲುಗಣಿ ಮತ್ತು ಜಲ್ಲಿಯ ಯಂತ್ರಗಳು, ಇನ್ನೊಂದು ಕಡೆ ನೀಲಗಿರಿ ತೋಪುಗಳು, ಮತ್ತೊಂದು ಕಡೆ ಬಡಾವಣೆಯ ಕಲ್ಲುಗಳು ಇದನ್ನು ತಿನ್ನುತ್ತಿವೆ. ಇಷ್ಟಾದರೂ ಉಳಿದ ತುಂಡುಗಳಲ್ಲಿ ಚಿರತೆ, ನರಿ, ಮುಳ್ಳುಹಂದಿ, ನವಿಲು, ಉಡ, ಮೊಲ, ಕೌಜುಗಗಳು ಇನ್ನೂ ಬಾಳುತ್ತಿವೆ. ಗೌರಿಬಿದನೂರಿನ ನೆರೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಆ ಸ್ಥಳವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಇಂಥ ಒಣಭೂಮಿಯ ಮಗುವೇ ನಕ್ಷತ್ರ ಆಮೆ. ನಮ್ಮ ಹಳ್ಳಿಗಳ ತೆಲುಗಿನಲ್ಲಿ ಇದಕ್ಕೆ 'ತಾಬೇಲು' ಎನ್ನುತ್ತಾರೆ.

ಈ ಆಮೆಯು ಪ್ರಪಂಚದಲ್ಲಿ ಸ್ವಾಭಾವಿಕವಾಗಿ ಬಾಳುವ ಪ್ರದೇಶಗಳು ಬಹಳ ಕಡಮೆ. ಗುಜರಾತು, ರಾಜಸ್ಥಾನ ಮತ್ತು ಅವಕ್ಕೆ ಹೊಂದಿದ ಪಾಕಿಸ್ತಾನದ ಭಾಗ ಒಂದು, ಆಂಧ್ರ, ಕರ್ನಾಟಕ, ತಮಿಳುನಾಡುಗಳ ಒಣಸೀಮೆ ಇನ್ನೊಂದು, ಶ್ರೀಲಂಕೆ ಮತ್ತೊಂದು. ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದಾಗ ಇದು ಬೆಳಗು ಬೈಗಿನಲ್ಲಿ ಹೊರಗೆ ಬರುತ್ತದೆ. ಹುಲ್ಲು, ಬಿದ್ದ ಹಣ್ಣು, ಪಾಪಾಸುಕಳ್ಳಿ ಇದರ ಆಹಾರ. ತಿಂದ ಹಣ್ಣಿನ ಬೀಜವನ್ನು ಗುಡ್ಡದಲ್ಲೆಲ್ಲ ಬಿತ್ತುತ್ತ ಹೋಗುತ್ತದೆ. ಹೆಣ್ಣು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು, ಇಡುವ ಮೊಟ್ಟೆಗಳೂ ಬೆರಳೆಣಿಕೆಯವು. ಇಷ್ಟು ನಿಧಾನದ ಬಾಳನ್ನು ನಡೆಸುವ ಪ್ರಾಣಿ, ಹಿಡಿಯಬಂದವನಿಂದ ಓಡಲಾರದು, ಕಚ್ಚಲಾರದು, ಕೂಗಲಾರದು. ತಲೆಯನ್ನೂ ಕಾಲುಗಳನ್ನೂ ಒಳಗೆಳೆದುಕೊಂಡು ಕಲ್ಲಿನಂತೆ ಸುಮ್ಮನಾಗುತ್ತದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಉಪಮೆಯಾಗಿ ಬಂದಿರುವುದು ಆಮೆಯ ಈ ಚರ್ಯೆಯೇ. ಋಷಿಗಳಿಗೆ ಉಪಮೆಯಾದುದು ಕಳ್ಳಸಾಗಣೆಗಾರರಿಗೆ ಅನುಕೂಲವಾಯಿತು. ಚೀಲದಲ್ಲಿ ತುಂಬಿದರೂ ಸದ್ದು ಮಾಡದ ಸರಕು ಇನ್ನಾವುದಿದೆ?

ಮಳೆಯ ದಿನಗಳಲ್ಲಿ ದನಕುರಿ ಕಾಯುವವರು, ಸೌದೆ ಆಯುವವರು, ಮಕ್ಕಳು ಬದುವಿನ ಮೇಲೆ ಕಂಡ ಆಮೆಯನ್ನು ಎತ್ತಿಕೊಳ್ಳುತ್ತಾರೆ. ಊರಿಗೆ ಬರುವ ದಲ್ಲಾಳಿ ಅವರ ಕೈಗೆ ಒಂದೆರಡು ನೋಟುಗಳನ್ನಿಡುತ್ತಾನೆ. ಅಲ್ಲಿಂದ ಗೋಣಿಚೀಲ, ಅಲ್ಲಿಂದ ಬೆಂಗಳೂರು ಇಲ್ಲವೆ ಚೆನ್ನೈ. ಅಲ್ಲಿ ಕಾಲು ಆಡದಂತೆ ಪಟ್ಟಿ ಸುತ್ತಿ, ಬಟ್ಟೆಯ ನಡುವೆ ಹುದುಗಿಸಿ, ಪೆಟ್ಟಿಗೆಯೊಳಗಿಟ್ಟು ಬ್ಯಾಂಕಾಕು, ಮಲೇಷ್ಯ ಮೊದಲಾದ ಕಡೆಗೆ ಸಾಗಿಸುತ್ತಾರೆ. ನೀರಿಲ್ಲದೆ, ಗಾಳಿಯಿಲ್ಲದೆ ದಾರಿಯಲ್ಲೇ ಸಾಯುವವು ಅನೇಕ. ಉಳಿದವು ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಶೋಭೆಯ ವಸ್ತುಗಳಾಗುತ್ತವೆ. 2015ರಲ್ಲಿ ಪ್ರಕಟವಾದ ವಿದ್ವಾಂಸರ ಅಧ್ಯಯನವೊಂದರ ಪ್ರಕಾರ, ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೀಗೆ ಹೊರಟುಹೋಗುತ್ತಿದ್ದವು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದರು. ಅದು ಸಂತೋಷದ ಸುದ್ದಿಯೇ ಸರಿ. ಹಾಗೆ ಮರಳಿದವು ಎಷ್ಟು? 51.

ಆಮೆಯ ಜೊತೆಗೆ ಇನ್ನೊಂದು ಮೂಕಪ್ರಾಣಿಯ ಗತಿಯನ್ನೂ ಹೇಳಬೇಕು. ಮಣ್ಣುಮುಕ್ಕ ಹಾವನ್ನು ನಮ್ಮ ಜನರು ಎರಡು ತಲೆಯ ಹಾವೆನ್ನುತ್ತಾರೆ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ, ಅಷ್ಟೆ. ನಂಬಿಸುವುದಕ್ಕಾಗಿ ಬಾಲದ ಮೇಲೆ ಸುಟ್ಟು ಕಣ್ಣಿನ ಗುರುತು ಮೂಡಿಸುವ ಕ್ರೂರಿಗಳೂ ಇದ್ದಾರೆ. ವಿಷವಿಲ್ಲದ, ಹೊಲದ ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಈ ಸಾಧುಪ್ರಾಣಿಯು ಮನೆಯಲ್ಲಿದ್ದರೆ ನಿಧಿ ಸಿಕ್ಕುತ್ತದೆ, ಇಷ್ಟು ತೂಕವಿದ್ದರೆ ಇಷ್ಟು ಲಕ್ಷಕ್ಕೆ ಹೋಗುತ್ತದೆ ಎಂಬ ಕಟ್ಟುಕಥೆಯನ್ನು ನಂಬಿ, ಹೊಲ ಮಾರಿ ಮುಂಗಡ ಕೊಟ್ಟು ಬೀದಿಗೆ ಬಂದವರು ನಮ್ಮ ಬಳಿಗೆ ಬಂದು ಅತ್ತಿದ್ದಾರೆ. ಅವರಿಗೆ ಸಮಾಧಾನ ಹೇಳಿದೆವು. ಆದರೆ ಅವರ ಅಳು ಹಾವಿಗಾಗಿ ಅಲ್ಲ, ಹಣಕ್ಕಾಗಿ ಎಂಬುದನ್ನು ಮರೆಯಲಾಗಲಿಲ್ಲ.

ಇದನ್ನೆಲ್ಲ ಸಭೆಯಲ್ಲಿ ಪ್ರಸ್ತಾಪಿಸಿದರೆ ಗಣ್ಯರು ಕೊಡುವ ಉತ್ತರ ಸಿದ್ಧವಾಗಿರುತ್ತದೆ: "ಹಕ್ಕಿಪಿಕ್ಕಿಯವರು, ಶಿಕಾರಿಯವರು ಮಾಡುವ ಕೆಲಸ ಬುದ್ಧಿ, ಪೊಲೀಸರು ಬಿಗಿ ಮಾಡಬೇಕು." ಈ ಮಾತು ನಮಗೆ ಅಸಹ್ಯವಾಗಿದೆ. 1871ರಲ್ಲಿ ಆಂಗ್ಲ ಸರ್ಕಾರ ಕಾಯಿದೆಯೊಂದನ್ನು ತಂದು ಇಡೀ ಕುಲಕುಲಗಳನ್ನೇ ಹುಟ್ಟುಗಳ್ಳರೆಂದು ಘೋಷಿಸಿತು. ಆ ಕಾಯಿದೆ 1952ರಲ್ಲಿ ರದ್ದಾಯಿತಾದರೂ ನಮ್ಮ ಗಣ್ಯರ ನಾಲಗೆಯಿಂದ ರದ್ದಾಗಿಲ್ಲ. ಬೇಟೆಯಿಂದ ಬದುಕಿದ್ದ ಜನರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಇನ್ನು ಬೇಟೆ ಕೂಡದು' ಎಂದು ಹೇಳಿತು. ಸರಿಯಾಗಿಯೇ ಹೇಳಿತು. ಆದರೆ ಬೇಟೆಯ ಬದಲಿಗೆ ಯಾವ ಕಾಯಕ ಎಂಬುದನ್ನು ಹೇಳಿದವರಾರು? ಕಾಯಕತತ್ತ್ವವನ್ನು ಜಗತ್ತಿಗೆ ಕೊಟ್ಟೆವೆಂದು ಪ್ರತಿ ಬಸವಜಯಂತಿಯಲ್ಲೂ ಎದೆ ತಟ್ಟಿಕೊಳ್ಳುವ ನಾವು, ನಮ್ಮ ಊರಿನ ಅಂಚಿನ ಗುಡಾರದಲ್ಲಿರುವವನಿಗೆ ಒಂದು ಕಾಯಕವನ್ನು ತೋರಿಸಿದ್ದೇವೆಯೆ? ಅದಲ್ಲದೆ, ಅವನು ಹಿಡಿದ ಆಮೆಯನ್ನು ಅವನು ತನ್ನ ಗುಡಾರದ ಈಶಾನ್ಯಕ್ಕೆ ಇಟ್ಟುಕೊಳ್ಳುವುದಿಲ್ಲ. ಕೊಳ್ಳುವವರಿರುವುದರಿಂದ ಹಿಡಿಯುತ್ತಾನೆ. ಕೊಳ್ಳುವವರು ನಾವು: ವಾಸ್ತು ಕೇಳಿ ಆಮೆ ತರುವ ಅಧಿಕಾರಿ, ಕೊರಳಿಗೆ ಹುಲಿಯುಗುರು ಕಟ್ಟಿಕೊಳ್ಳುವ ಜಮೀನುದಾರ, ಯುಗಾದಿಯ ಮರುದಿನ ಹೊಸತೊಡಕಿಗೆ ಕಾಡುಮಾಂಸವೇ ಬೇಕೆನ್ನುವ ರಾಜಕಾರಣಿ, ಮುಂಗಸಿಯ ಕೂದಲಿನ ಕುಂಚದಿಂದಲೇ ದೇವರ ಚಿತ್ರ ಚೆನ್ನಾಗಿ ಬರುತ್ತದೆಂದು ನಂಬಿರುವ ಚಿತ್ರಗಾರ, ಇವರೊಡನೆ ವ್ಯಾಘ್ರಾಸನದ ಮೇಲೆ ಕುಳಿತು ದಯೆಯನ್ನು ಬೋಧಿಸುವ ಸ್ವಾಮಿ.

ಇನ್ನು ಕಾನೂನಿನ ಮಾತು. ಕಾನೂನು ಸಡಿಲವಾಗಿದೆಯೆಂದು ಹೇಳುವಂತಿಲ್ಲ. 2019ರಲ್ಲಿ ಜಿನೀವಾದಲ್ಲಿ ಸೇರಿದ್ದ ಸೈಟಿಸ್ ಒಪ್ಪಂದದ ಸಮ್ಮೇಳನದಲ್ಲಿ, ಭಾರತವೂ ಸೇರಿ ಮಂಡಿಸಿದ ಪ್ರಸ್ತಾವದಂತೆ, ನಕ್ಷತ್ರ ಆಮೆಯನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದರು. ನಮ್ಮ ದೇಶದ ಕಾಯಿದೆಯಲ್ಲಿ ಮೊದಲು ನಾಲ್ಕನೆಯ ಅನುಸೂಚಿಯಲ್ಲಿದ್ದ ಈ ಪ್ರಾಣಿಯು 2022ರ ತಿದ್ದುಪಡಿಯಿಂದ ಹುಲಿಯಿರುವ ಮೊದಲನೆಯ ಅನುಸೂಚಿಗೇ ಏರಿದೆ. ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆವಾಸ, 25,000 ರೂಪಾಯಿಗೆ ಕಡಮೆಯಾಗದ ದಂಡ. ಕಾಗದದ ಮೇಲೆ ಇದಕ್ಕಿಂತ ಬಿಗಿ ಏನು ಬೇಕು? ಆದರೆ ಒಬ್ಬ ಅರಣ್ಯ ರಕ್ಷಕನ ಪಾಲಿಗೆ ಎಷ್ಟು ಗುಡ್ಡಗಳಿವೆ, ಎಷ್ಟು ಗೋಮಾಳಗಳಿವೆ ಎಂದು ಲೆಕ್ಕ ಹಾಕಿದವರಿಗೆ ತಿಳಿಯುತ್ತದೆ, ಈ ಪ್ರಾಣಿಗಳಲ್ಲಿ ಬಹುಪಾಲು ಇರುವುದು ಅವನ ಕಾವಲಿನ ಆಚೆ, ನಮ್ಮ ಹೊಲದ ಬದುವಿನ ಮೇಲೆ. ಬದುವಿಗೆ ಸರ್ಕಾರ ಕಾವಲಿಡಲಾರದು. ಆ ಬದುವಿನ ಒಡೆಯನೇ ಕಾಯಬೇಕು. ಈ ಪ್ರಬಂಧದ ಪ್ರಧಾನ ವಾದ ಇದೇ ಆಗಿದೆ: ಊರಿನವರು ಕಾಯದೆ ಉಳಿಯುವುದಿಲ್ಲ, ಮತ್ತು ಊರಿನವರಿಗೆ ಕಾಯಿರೆಂದು ಹೇಳುವ ಹಕ್ಕು, ತಾವು ಮೊದಲು ಕೈ ತೊಳೆದುಕೊಂಡವರಿಗೆ ಮಾತ್ರ ಉಂಟು.

ಈಗ ನಮ್ಮ ಪೀಠದ ಸಂಗತಿಗೆ ಬರೋಣ. ನಮ್ಮ ಪಟ್ಟಾಧಿಕಾರದ ದಿವಸ ನಮ್ಮನ್ನು ಕೂರಿಸಿದ್ದು ಹಿರಿಯ ಗುರುಗಳ ಕಾಲದಿಂದ ಬಂದ ಹುಲಿಚರ್ಮದ ಮೇಲೆ. ಅದನ್ನು ಹಿಂದೆ ಯಾರೋ ಜಮೀನುದಾರ ಭಕ್ತರು ಕಾಣಿಕೆಯಾಗಿ ಒಪ್ಪಿಸಿದ್ದರಂತೆ. ಅದಕ್ಕೆ ಸರ್ಕಾರದ ಒಡೆತನದ ಪತ್ರವಿದೆಯೆಂದು ಹಳೆಯ ಶಾನುಭೋಗರು ಹೇಳುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ದೂರದರ್ಶನದ ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಹುಲಿಯುಗುರಿನ ಪದಕ ಧರಿಸಿದ್ದಕ್ಕಾಗಿ ಅರಣ್ಯ ಇಲಾಖೆಯವರು ಬಂಧಿಸಿದರು. ಒಡನೆಯೇ ನಾಡಿನಲ್ಲೆಲ್ಲ ಉಗುರು, ಚರ್ಮಗಳ ಮಾತು ಎದ್ದಿತು. ಚಿತ್ರನಟರ ಹೆಸರುಗಳ ಹಿಂದೆಯೇ ಸ್ವಾಮಿಗಳ ಹೆಸರುಗಳೂ ಬಂದವು. ನಾವು ಪೆಟ್ಟಿಗೆಗಳನ್ನೆಲ್ಲ ತೆಗೆಸಿ ಆ ಪತ್ರಕ್ಕಾಗಿ ಹುಡುಕಿಸಿದೆವು. ಬಾಂಡು, ಪಹಣಿ, ದಾನಪತ್ರ, ಹಳೆಯ ಲಗ್ನಪತ್ರಿಕೆಗಳು ಎಲ್ಲವೂ ಸಿಕ್ಕವು. ಹುಲಿಯ ಪತ್ರ ಮಾತ್ರ ಸಿಕ್ಕಲಿಲ್ಲ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರವು, ಇಂಥ ವಸ್ತುಗಳನ್ನು ಇಟ್ಟುಕೊಂಡವರು ಮೂರು ತಿಂಗಳೊಳಗಾಗಿ ಒಪ್ಪಿಸಬಹುದೆಂದು ಅವಕಾಶ ಕೊಟ್ಟಿತು. ನಾವು ಒಪ್ಪಿಸಲು ನಿಶ್ಚಯಿಸಿದೆವು. ಆಗ ನಡೆದ ವಿರೋಧವನ್ನು ಮರೆಮಾಚುವುದಿಲ್ಲ. ಹಿರಿಯ ಭಕ್ತರು ನಾಲ್ಕಾರು ಮಂದಿ ಬಂದು, "ಗುರುಪೀಠದ ಘನತೆ ಏನಾಗಬೇಕು ಬುದ್ಧಿ? ಹಿರಿಯರು ಕುಳಿತದ್ದಲ್ಲವೆ?" ಎಂದು ನೊಂದು ನುಡಿದರು. ಅವರ ನೋವು ನಿಜವಾದುದು. ಹಿರಿಯ ಗುರುಗಳು ಕುಳಿತ ಜಾಗವೆಂಬ ಭಕ್ತಿ ನಮಗೂ ಇತ್ತು. ಆದರೆ ಗುರುಗಳ ಘನತೆ ಅವರ ತಪಸ್ಸಿನಲ್ಲಿತ್ತೇ ಹೊರತು ಕೆಳಗೆ ಹಾಸಿದ್ದ ಚರ್ಮದಲ್ಲಿರಲಿಲ್ಲ. ಅವರ ಕಾಲಕ್ಕೆ ಈ ದೇಶದಲ್ಲಿ ಎಷ್ಟು ಹುಲಿಗಳು ಉಳಿದಿವೆಯೆಂದು ಎಣಿಸಿದವರೂ ಇರಲಿಲ್ಲ. 1973ರಲ್ಲಿ ಹುಲಿಯೋಜನೆ ಆರಂಭವಾಗಿ ಬಂಡೀಪುರವು ಅದರ ಮೊದಲ ಕಾಡುಗಳಲ್ಲಿ ಒಂದಾಯಿತು. ಅದಾದ ಮೇಲೂ ತಿಳಿಯದವರಂತೆ ಕುಳಿತಿದ್ದ ತಪ್ಪು ಹಿರಿಯರದಲ್ಲ, ನಮ್ಮದು.

ಶಾಸ್ತ್ರದ ಆಕ್ಷೇಪ ಎತ್ತಿದವರೂ ಉಂಟು. ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನದ ಆಸನವನ್ನು ಹೇಳುವಾಗ ಅಜಿನದ ಮಾತು ಬಂದಿದೆ, ಶಿವನೇ ಚರ್ಮಾಂಬರಧಾರಿ ಎಂದರು. ನಿಜ, ಬಂದಿದೆ. ಅದೇ ಮಾತಿನಲ್ಲಿ ದರ್ಭೆಯೂ ಬಟ್ಟೆಯೂ ಬಂದಿವೆ. ಅವುಗಳಿಗೆ ಯಾರೂ ಇಷ್ಟು ಹಟ ಹಿಡಿಯುವುದಿಲ್ಲ, ಏಕೆಂದರೆ ದರ್ಭೆಯಲ್ಲಿ ಡೌಲಿಲ್ಲ. ಅಡವಿಯಲ್ಲಿ ತಾನಾಗಿ ಸತ್ತ ಮೃಗದ ಚರ್ಮವನ್ನು ಋಷಿ ಹಾಸಿಕೊಂಡದ್ದಕ್ಕೂ, ಕೋವಿಯಿಂದ ಹೊಡೆದು, ಹದಮಾಡಿಸಿ, ಗಾಜಿನ ಕಣ್ಣಿಟ್ಟ ಚರ್ಮದ ಮೇಲೆ ನಾವು ಛಾಯಾಚಿತ್ರಕ್ಕೆ ಕುಳಿತುಕೊಳ್ಳುವುದಕ್ಕೂ ವ್ಯತ್ಯಾಸ ಕಾಣದವರಿಗೆ ಶಾಸ್ತ್ರ ಏನು ತಾನೆ ಮಾಡೀತು? ಇನ್ನೊಬ್ಬರು ಬೇಡರ ಕಣ್ಣಪ್ಪನನ್ನು ತಂದರು. ಬೇಟೆಯಾಡಿದ ಮಾಂಸವನ್ನು ಶಿವನು ಸ್ವೀಕರಿಸಲಿಲ್ಲವೆ ಎಂದು ಕೇಳಿದರು. ಕಣ್ಣಪ್ಪನು ನಮ್ಮ ಪುರಾತನರಲ್ಲಿ ಪೂಜ್ಯನು. ಆದರೆ ಅವನ ಕಥೆ ಮಾಂಸದಲ್ಲಿ ಮುಗಿಯುವುದಿಲ್ಲ, ತನ್ನದೇ ಕಣ್ಣನ್ನು ಕಿತ್ತು ಕೊಡುವಲ್ಲಿ ಅದರ ಹುರುಳಿದೆ. ಕಣ್ಣಪ್ಪನ ಹೆಸರನ್ನು ಹೇಳಿ ಮೊಲಕ್ಕೆ ಉರುಳು ಹಾಕುವವರು ಕಣ್ಣಿನ ಮಾತು ಬಂದಾಗ ಮೆಲ್ಲನೆ ಎದ್ದುಹೋಗುತ್ತಾರೆ.

ಆ ವರ್ಷದ ಮಾರ್ಚಿಯಲ್ಲಿ ಚರ್ಮವನ್ನು ಅರಣ್ಯ ಇಲಾಖೆಗೆ ಒಪ್ಪಿಸಿ ರಸೀತಿ ಪಡೆದೆವು. ಈಗ ಪೀಠದ ಮೇಲಿರುವುದು ಕರಿಯ ಕಂಬಳಿ. ನಮ್ಮ ಕುರುಬ ಭಕ್ತರೊಬ್ಬರು ತಾವೇ ತಂದು ಹಾಸಿದರು. ಅದು ಬೇಸಗೆಯಲ್ಲಿ ಸ್ವಲ್ಪ ಚುಚ್ಚುತ್ತದೆ, ಆದರೆ ನಿದ್ದೆ ಬರುವುದಿಲ್ಲವಾದ್ದರಿಂದ ಜಪಕ್ಕೆ ಒಳ್ಳೆಯದೇ ಆಗಿದೆ.

ಒಬ್ಬ ಸ್ವಾಮಿ ಚರ್ಮ ಬಿಟ್ಟರೆ ಏನಾದೀತು ಎಂದು ಕೇಳುವವರಿಗೆ ಎರಡು ನಡೆದ ಸಂಗತಿಗಳನ್ನು ಹೇಳುತ್ತೇವೆ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಮಹೋತ್ಸವ ನಡೆಯಿತು. ಟಿಬೆಟಿನ ಸಿರಿವಂತರು ಹಬ್ಬದ ನಿಲುವಂಗಿಗಳಿಗೆ ಹುಲಿ, ಚಿರತೆಗಳ ಚರ್ಮದ ಅಂಚು ಹಾಕಿಸಿಕೊಳ್ಳುತ್ತಿದ್ದರು. ಭಾರತದ ಕಾಡುಗಳಲ್ಲಿ ಸತ್ತ ಹುಲಿಗಳ ಚರ್ಮ ಹಿಮಾಲಯ ದಾಟಿ ಅಲ್ಲಿಗೆ ಹೋಗುತ್ತಿತ್ತು. ದಲೈ ಲಾಮಾ ಅವರು ಆ ಸಭೆಯಲ್ಲಿ, ನಿಮ್ಮನ್ನು ಈ ಉಡುಪಿನಲ್ಲಿ ನೋಡಲು ನಮಗೆ ನಾಚಿಕೆಯಾಗುತ್ತದೆ ಎಂಬರ್ಥದ ಮಾತನ್ನಾಡಿದರು. ಕೆಲವೇ ವಾರಗಳಲ್ಲಿ ಟಿಬೆಟಿನ ಊರುಗಳಲ್ಲಿ ಜನರು ಬಹುಬೆಲೆಯ ಆ ನಿಲುವಂಗಿಗಳನ್ನು ಬೀದಿಗೆ ತಂದು ಸುಟ್ಟರು. ಯಾವ ಪೊಲೀಸರೂ ಸುಡಿಸಲಿಲ್ಲ.

ಎರಡನೆಯದು ನಾಗಾಲ್ಯಾಂಡಿನದು. ಅಮುರ್ ಚಾಣವೆಂಬ ಸಣ್ಣ ಬೇಟೆಹಕ್ಕಿ ಸೈಬೀರಿಯ, ಚೀನಗಳ ಕಡೆಯಿಂದ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ಅಲ್ಲಿಯ ದೊಯಾಂಗ್ ಜಲಾಶಯದ ಬಳಿ ಲಕ್ಷೋಪಲಕ್ಷವಾಗಿ ಇಳಿಯುತ್ತದೆ. 2012ರಲ್ಲಿ ಆ ಊರುಗಳವರು ಮೀನಿನ ಬಲೆಗಳನ್ನು ಗಾಳಿಗೆ ಕಟ್ಟಿ ಒಂದೇ ಹಂಗಾಮಿನಲ್ಲಿ ಲಕ್ಷಕ್ಕೂ ಮೀರಿ ಹಕ್ಕಿಗಳನ್ನು ಕೊಂದು ಮಾರಿದ್ದರೆಂದು ಅಂದಾಜು. ಇದನ್ನು ಚಿತ್ರಸಮೇತ ಹೊರಗೆ ತಂದವರಲ್ಲಿ ಬೆಂಗಳೂರಿನವರೂ ಇದ್ದರು. ಮರುವರ್ಷ, ಅಂದರೆ 2013ರಲ್ಲಿ, ಒಂದು ಬಲೆಯೂ ಏಳಲಿಲ್ಲ. ಊರ ಪರಿಷತ್ತುಗಳು ದಂಡ ಗೊತ್ತುಮಾಡಿದವು. ಚರ್ಚುಗಳ ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಇದನ್ನೇ ಎತ್ತಿದರು. ಹಕ್ಕಿ ಹಿಡಿಯುತ್ತಿದ್ದ ಯುವಕರೇ ಕಾವಲಿಗೆ ನಿಂತರು. ಮಹನೀಯರೆ, ಅಲ್ಲಿಯ ಪಾದ್ರಿ ವರ್ಷವೊಂದರಲ್ಲಿ ಮಾಡಿಸಿದ ಕೆಲಸವನ್ನು ಇಲ್ಲಿಯ ಜಂಗಮನು ಮಾಡಿಸಲಾರನೆ? ದಯೆಯನ್ನು ಧರ್ಮದ ಬುಡದಲ್ಲಿಟ್ಟ ಶರಣರ ಹೆಸರು ಹೇಳಿಕೊಂಡು ಊಟ ಮಾಡುವವರು ನಾವಲ್ಲವೆ?

ನಾಗಾಲ್ಯಾಂಡಿನವರೆಗೆ ಹೋಗುವುದೂ ಬೇಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವು ಬಂದರೆ ಹುಣಿಸೆ ಫಸಲು ಹಾಳಾಗುತ್ತದೆ, ಅಂಗಳ ಹೊಲಸಾಗುತ್ತದೆ. ಆದರೂ ಊರಿನವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡುತ್ತ ಬಂದಿದ್ದಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯೂ ಬಂತು. 2007ರಲ್ಲಿ ಅದು ಸಮುದಾಯ ಮೀಸಲೆಂದು ಘೋಷಿತವಾಯಿತು. ಗೌರಿಬಿದನೂರಿಗೆ ಇನ್ನೂ ಹತ್ತಿರ, ಗಡಿಯಾಚೆಯ ಚಿಲಮತ್ತೂರು ಮಂಡಲದಲ್ಲಿ ವೀರಾಪುರವೆಂಬ ಹಳ್ಳಿಯಿದೆ. ಅಲ್ಲಿಯೂ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಹುಣಿಸೆಮರಗಳಲ್ಲಿ ಸಂಸಾರ ಹೂಡುತ್ತವೆ. ಊರಿನವರು ಅವಕ್ಕೆ ಕಲ್ಲೆಸೆಯಗೊಡುವುದಿಲ್ಲ. ಅಲ್ಲಿಯ ಜನ ನಮಗಿಂತ ಸಿರಿವಂತರೂ ಅಲ್ಲ, ನಮಗಿಂತ ಹೆಚ್ಚು ಓದಿದವರೂ ಅಲ್ಲ.

ಆದರೆ ಒಂದು ಎಚ್ಚರಿಕೆ. ಕೊಕ್ಕರೆ ಕಣ್ಣಿಗೆ ಕಾಣುತ್ತದೆ, ಮರದ ಮೇಲಿರುತ್ತದೆ, ಊರಿಗೆ ಹೆಸರು ತರುತ್ತದೆ. ಆಮೆಯನ್ನು ನೋಡಲು ಪ್ರವಾಸಿಗಳು ಬರುವುದಿಲ್ಲ, ಬರಲೂ ಕೂಡದು. ಎಲ್ಲಿದೆಯೆಂದು ಸಾರಿದರೆ ದಲ್ಲಾಳಿಗೆ ದಾರಿ ತೋರಿದಂತಾಗುತ್ತದೆ. ಆದುದರಿಂದ ಇಲ್ಲಿ ಬೇಕಾದುದು ಫಲಕವಲ್ಲ, ಗುಟ್ಟಾದ ಕಾವಲು. ಅದನ್ನು ಮಾಡಬಲ್ಲವರು ದಿನವೂ ಗುಡ್ಡದಲ್ಲಿರುವ ಕುರಿಗಾಹಿಗಳು ಮಾತ್ರ. ಇಂದು ಆಮೆಯೊಂದಕ್ಕೆ ದಲ್ಲಾಳಿ ಕೊಡುವ ಪುಡಿಗಾಸಿಗಿಂತ, ಮಳೆಗಾಲದ ನಾಲ್ಕು ತಿಂಗಳು ಗುಡ್ಡ ಕಾಯುವುದಕ್ಕೆ ಊರು ಕೊಡುವ ಗೌರವಧನ ಹೆಚ್ಚಾಗಿದ್ದರೆ ಸಾಕು, ಆಯ್ದುಕೊಡುವ ಕೈಯೇ ಕಾಯುವ ಕೈಯಾಗುತ್ತದೆ. ಹಿಂದೆ ಬೇಟೆಯಾಡಿದವರಿಗೆ ಈ ಕೆಲಸದಲ್ಲಿ ಮೊದಲ ಮಣೆ ಕೊಡಬೇಕು. ಯಾವ ಮೆಳೆಯಲ್ಲಿ ಯಾವ ಪ್ರಾಣಿ ಇದೆಯೆಂದು ಅವರಷ್ಟು ಬಲ್ಲವರು ವಿಶ್ವವಿದ್ಯಾನಿಲಯದಲ್ಲೂ ಇಲ್ಲ. ನಾವು ಅಲ್ಲಿ ಕೆಲವು ವರ್ಷ ಓದಿದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇವೆ.

ಇದಕ್ಕೆ ಕಾನೂನಿನ ಆಧಾರವೂ ಇದೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮಪಂಚಾಯಿತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದರ ಸದಸ್ಯರು ಯಾರೆಂದು ಹೋಗಿ ಕೇಳಿರಿ. ಅನೇಕ ಕಡೆ ಸದಸ್ಯರಿಗೇ ತಾವು ಸದಸ್ಯರೆಂದು ತಿಳಿದಿರುವುದಿಲ್ಲ! ಇದೇ ಕಾಯಿದೆಯ ಆಧಾರದ ಮೇಲೆ 2007ರಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆತೋಪು ದೇಶದ ಮೊತ್ತಮೊದಲನೆಯ ಜೈವಿಕ ಪಾರಂಪರಿಕ ತಾಣವಾಯಿತು. ಚಿಕ್ಕಬಳ್ಳಾಪುರದಿಂದ ಅದು ದೂ‌ರವಲ್ಲ. ವನ್ಯಜೀವಿ ಕಾಯಿದೆಗೆ 2003ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಒಡೆಯರು ತಾವಾಗಿ ಮುಂದೆ ಬಂದರೆ ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಸಮುದಾಯ ಮೀಸಲೆಂದು ಘೋಷಿಸಬಹುದು. ಹಾಗೆ ಘೋಷಿಸಿದ ಮೇಲೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಇಲ್ಲದೆ ಭೂಮಿಯ ಬಳಕೆಯನ್ನು ಬದಲಾಯಿಸುವಂತಿಲ್ಲ. ಬೆಂಗಳೂರಿನ ನೆರಳು ಬಿದ್ದು ಎಕರೆಯ ಬೆಲೆ ಏರುತ್ತಿರುವ ಈ ತಾಲ್ಲೂಕುಗಳಲ್ಲಿ ಸಣ್ಣ ರೈತನು ಇದಕ್ಕೆ ಹೆದರಿದರೆ ನಾವು ಅವನನ್ನು ಹಳಿಯುವುದಿಲ್ಲ. ಆದರೆ ಮಠಗಳಿಗೆ ಈ ಹೆದರಿಕೆ ಏಕೆ? ಮಠದ ಇನಾಮು ಭೂಮಿಯಲ್ಲಿ ಬಂಡೆ, ಕುರುಚಲು ಇರುವ ಭಾಗ ಎಷ್ಟೋ ಕಡೆ ಇದೆ. ಅದನ್ನು ಜಲ್ಲಿಗೆ ಗುತ್ತಿಗೆ ಕೊಡುವ ಬದಲು ಹೀಗೆ ಬಿಟ್ಟುಕೊಡಬಾರದೇಕೆ? ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಸುತ್ತಣ ಕಾಡು 1981ರಿಂದ ನವಿಲುಗಳ ಅಭಯಾರಣ್ಯವಾಗಿದೆ. ಕ್ಷೇತ್ರದ ಮಗ್ಗುಲಲ್ಲೇ ಮೃಗಪಕ್ಷಿಗಳಿಗೆ ಅಭಯವಿರುವುದರಿಂದ ಕ್ಷೇತ್ರದ ಮಹಿಮೆಯೇನೂ ಕುಂದಲಿಲ್ಲ.

ಶಿಡ್ಲಘಟ್ಟದ ಭಕ್ತರೊಬ್ಬರು ಈ ಮಾತುಗಳನ್ನೆಲ್ಲ ಕೇಳಿ ಕೊನೆಗೆ ಮೆಲ್ಲನೆ, "ಬುದ್ಧಿ, ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ದಿನಕ್ಕೆ ಎಷ್ಟು ಹುಳುವಿನ ಪ್ರಾಣ ಹೋಗುತ್ತದೆ ಗೊತ್ತೆ? ತಾವು ಹೊದ್ದಿರುವುದೂ ರೇಷ್ಮೆಯೇ" ಎಂದರು. ಸಭೆಯವರು ಅವರ ಕಡೆ ಕಣ್ಣು ಕೆಕ್ಕರಿಸಿದರು. ನಮಗೆ ಮಾತ್ರ ಸಂತೋಷವಾಯಿತು, ಏಕೆಂದರೆ ಅದು ನೇರವಾದ ಪ್ರಶ್ನೆ. ಅದಕ್ಕೆ ಪೂರ್ತಿ ಸಮಾಧಾನ ನಮ್ಮಲ್ಲಿಲ್ಲ. ಅಹಿಂಸೆಯ ದಾರಿಯಲ್ಲಿ ನಾವು ಯಾರೂ ಕಡೆಯ ಮೆಟ್ಟಿಲಿನಲ್ಲಿಲ್ಲ. ಸಾಕಿದ ಹುಳು ಮತ್ತೆ ಮತ್ತೆ ಚಾಕಿಯಾಗಿ ಬರುತ್ತದೆ, ಗುಡ್ಡದ ಆಮೆ ಹೋದರೆ ಬರುವುದಿಲ್ಲ ಎಂದಷ್ಟೇ ಅವರಿಗೆ ಹೇಳಿದೆವು. ಜೊತೆಗೆ ಇನ್ನೊಂದನ್ನೂ ಹೇಳಿದೆವು: ಹಿಪ್ಪುನೇರಳೆಯ ತೋಟಕ್ಕೆ ವಿಷ ಸೋಕಿದರೆ ಹುಳು ಸಾಯುತ್ತದೆಂದು ಮೈಯೆಲ್ಲ ಕಣ್ಣಾಗಿ ಕಾಯುವವರು ನೀವು, ಪಕ್ಕದ ಹೊಲದವನ ಸಿಂಪಡಣೆಗೂ ಜಗಳಕ್ಕೆ ಹೋಗುವವರು ನೀವು, ಈ ನಾಲ್ಕು ತಾಲ್ಲೂಕುಗಳಲ್ಲಿ ಬದು ಕಾಯುವ ವಿದ್ಯೆ ನಿಮಗಿಂತ ಯಾರಿಗೆ ಗೊತ್ತು? ಅವರು ನಕ್ಕು, ತಮ್ಮ ಊರಿನ ಗುಡ್ಡದ ಹೊಣೆಯನ್ನು ಒಪ್ಪಿಕೊಂಡರು. ನಮ್ಮ ರೇಷ್ಮೆಯ ವಿಷಯ ಇನ್ನೂ ಆಲೋಚನೆಯಲ್ಲಿದೆ.

ಬುಟ್ಟಿಯಲ್ಲಿ ಬಂದ ಆಮೆಯನ್ನೂ, ಅವರ ಮನೆಯಲ್ಲಿದ್ದ ಇನ್ನೊಂದನ್ನೂ ಆಗಲೇ ಅರಣ್ಯ ಇಲಾಖೆಗೆ ಒಪ್ಪಿಸಲಾಯಿತು. ಅವನ್ನು ಕಂಡ ಗುಡ್ಡದಲ್ಲಿ ಬಿಟ್ಟುಬಿಡೋಣವೆಂದು ನಮ್ಮ ಮರಿಗಳು ಹೊರಟಿದ್ದರು. ನಾವು ತಡೆದೆವು. ಮನೆಯಲ್ಲಿ ಸಾಕಿದ ಪ್ರಾಣಿ ರೋಗವನ್ನು ಹೊತ್ತಿರಬಹುದು. ಅಲ್ಲದೆ ವಾಯವ್ಯ ಭಾರತದ ಆಮೆಗೂ ನಮ್ಮ ಸೀಮೆಯ ಆಮೆಗೂ ವಂಶದಲ್ಲಿ ಭೇದವಿದೆಯೆಂದು ವಿಜ್ಞಾನಿಗಳು ಕಂಡಿದ್ದಾರೆ. ಎಲ್ಲಿಯದೋ ತಂದು ಎಲ್ಲಿಯೋ ಬಿಡುವುದು ಪುಣ್ಯವಲ್ಲ. ಹಬ್ಬದ ದಿನ ಪೇಟೆಯಲ್ಲಿ ಗಿಣಿಗಳನ್ನೋ ಆಮೆಗಳನ್ನೋ ಕೊಂಡು ಬಿಡುಗಡೆ ಮಾಡಿ ಪುಣ್ಯ ಗಳಿಸುವವರಿಗೂ ಇದನ್ನೇ ಹೇಳಬೇಕಾಗಿದೆ: ನೀವು ಕೊಟ್ಟ ಹಣದಿಂದ ಅವನು ನಾಳೆ ಇನ್ನೆರಡನ್ನು ಹಿಡಿಯುತ್ತಾನೆ.

ಸರ್ಕಾರ ಕೊಟ್ಟ ಮೂರು ತಿಂಗಳ ಅವಧಿ 2024ರ ಏಪ್ರಿಲಿನಲ್ಲಿ ಮುಗಿಯಿತು. ಆದರೂ ಹಳೆಯ ಮನೆಗಳ ಅಟ್ಟದಲ್ಲಿ ಜಿಂಕೆಯ ಕೊಂಬು, ಪೆಟ್ಟಿಗೆಯಲ್ಲಿ ಹುಲಿಯುಗುರು, ಹಿತ್ತಿಲಿನ ತೊಟ್ಟಿಯಲ್ಲಿ ಆಮೆ ಇನ್ನೂ ಇವೆಯೆಂಬುದು ನಮಗೆ ತಿಳಿದಿದೆ. ಗಡುವು ಮೀರಿತೆಂದು ಹೆದರಿ ಕೆರೆಗೆ ಎಸೆಯುವುದಾಗಲಿ, ಇನ್ನೊಬ್ಬರಿಗೆ ದಾಟಿಸುವುದಾಗಲಿ ಮಾಡಬೇಡಿರಿ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾಗಿರುವ ಕೆಲವರು, ಒಪ್ಪಿಸಲು ಬರುವವರ ಜೊತೆಯಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಾವೇ ಬರಲು ಒಪ್ಪಿದ್ದಾರೆ. ಮುಂದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಕುರಿಗಾಹಿಗಳ ಗೌರವಧನಕ್ಕೆ ಒಂದು ನಿಧಿಯನ್ನು ಸ್ಥಾಪಿಸುವ ವಿಷಯ ಚರ್ಚೆಗೆ ಬರಲಿದೆ. ಈ ವರ್ಷದ ಪಾದಪೂಜೆಯ ಕಾಣಿಕೆಯನ್ನು ಅದರ ಮೊದಲ ಕಂತಾಗಿ ಇಟ್ಟಿದ್ದೇವೆ. ಸಮಾವೇಶಕ್ಕೆ ಬರುವವರು ಕಾಣಿಕೆಯಾಗಿ ಏನಾದರೂ ತರಲೇಬೇಕೆಂದಿದ್ದರೆ ಒಂದು ಕೈ ಬಿಲ್ವಪತ್ರೆ ತಂದರೆ ಸಾಕು.